ಟೆಕ್ಸಾಸ್‌ನಲ್ಲಿ ಸ್ಟೇಟ್ ಮಿನಿಮಮ್ ಕಾರ್ ಇನ್ಶೂರೆನ್ಸ್ ಸಾಕಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಇರ್ವಿಂಗ್‌ನಿಂದ:

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಇಲ್ಲಿಗೆ ಬಂದು ಹೆಚ್ಚು ದಿನ ಆಗಿಲ್ಲ. ಒಂದು ಹಳೆಯ ಕ್ಯಾಮ್ರಿ ನೋಡಿದ್ದೇವೆ. ಲೋನ್ ಇಲ್ಲ, ಪೂರ್ತಿ ದುಡ್ಡು ಕೊಟ್ಟೇ ತಗೊಳ್ಳುತ್ತಿದ್ದೇವೆ. ಇನ್ಶೂರೆನ್ಸ್ ಏಜೆಂಟ್ ಎರಡು ಕೋಟ್ ಕಳಿಸಿದ್ದಾರೆ. ಒಂದು 30/60/25, ಅದೇ ಸ್ಟೇಟ್ ಮಿನಿಮಮ್ ಅಂತೆ. ಇನ್ನೊಂದು 100/300/100, ಅದಕ್ಕೆ ತಿಂಗಳಿಗೆ 40 ಡಾಲರ್ ಜಾಸ್ತಿ. ಆಫೀಸ್ ಹತ್ತಿರವೇ ಇದೆ, ಓಡಿಸುವವಳು ನಾನೊಬ್ಬಳೇ. ಕಾನೂನಿಗೆ ಮಿನಿಮಮ್ ಸಾಕು ಅಂದ ಮೇಲೆ ಅಷ್ಟೇ ಸಾಕಲ್ವಾ? ಇದರ ಜೊತೆಗೆ ಯುಎಂ (ಅನ್‌ಇನ್ಶೂರ್ಡ್ ಮೋಟರಿಸ್ಟ್) ಬೇಡ, ಪಿಐಪಿ (ತಪ್ಪು ಯಾರದೇ ಇರಲಿ, ನಮ್ಮ ಆಸ್ಪತ್ರೆ ಖರ್ಚಿಗೆ ಕೊಡುವ ಕವರೇಜ್) ಬೇಡ ಅಂತ ಸಹಿ ಹಾಕುವ ಎರಡು ಫಾರಂ ಬೇರೆ ಬಂದಿವೆ. ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ, ಅಪ್ಪ ಆಗಾಗ ಕಾರ್ ಓಡಿಸಬಹುದು. ನೀವೆಲ್ಲ ಏನು ಇಟ್ಟುಕೊಂಡಿದ್ದೀರಿ ದಯವಿಟ್ಟು ಹೇಳಿ.

ಫ್ರಿಸ್ಕೊದಿಂದ:

ಆ ಫಾರಂಗಳಿಗೆ ಇನ್ನೂ ಸಹಿ ಹಾಕಬೇಡಿ. ಇದನ್ನು ಓದಿ, ಆಮೇಲೆ ನೋಡಿ.

ಮೊದಲು ಆ ಮೂರು ನಂಬರ್. 30 ಅಂದರೆ ನಿಮ್ಮ ತಪ್ಪಿನಿಂದ ಅಪಘಾತವಾಗಿ ಒಬ್ಬರಿಗೆ ಪೆಟ್ಟಾದರೆ ಕಂಪನಿ ಅವರಿಗೆ ಕೊಡುವುದು ಹೆಚ್ಚೆಂದರೆ 30 ಸಾವಿರ ಡಾಲರ್. 60 ಅಂದರೆ ಎಷ್ಟೇ ಜನಕ್ಕೆ ಪೆಟ್ಟಾಗಿರಲಿ, ಎಲ್ಲರಿಗೂ ಸೇರಿ 60 ಸಾವಿರ. 25 ಅಂದರೆ ಅವರ ಕಾರು, ಗೋಡೆ, ಕಂಬ ಏನೇ ಹಾಳಾದರೂ 25 ಸಾವಿರ. ಈ ಮೂರರಲ್ಲಿ ಒಂದು ಪೈಸೆಯೂ ನಿಮ್ಮ ಕಾರಿಗಲ್ಲ, ನಿಮ್ಮ ಆಸ್ಪತ್ರೆ ಬಿಲ್ಲಿಗಲ್ಲ. ಎಲ್ಲ ಎದುರಿನವರಿಗೆ.

ನಮ್ಮೂರಿಂದ ಬಂದವರು ಇಲ್ಲೇ ಎಡವುವುದು. ಇಂಡಿಯಾದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ಕಡ್ಡಾಯ, ಅಲ್ಲಿ ಕಾರ್ ಗುದ್ದಿ ಯಾರಿಗಾದರೂ ಗಾಯವಾದರೆ ಅಥವಾ ಜೀವ ಹೋದರೆ ವಿಮಾ ಕಂಪನಿ ಕೊಡುವ ಪರಿಹಾರಕ್ಕೆ ಮಿತಿ ಇಲ್ಲ, ಟ್ರಿಬ್ಯುನಲ್ ಎಷ್ಟು ಹೇಳುತ್ತದೋ ಅಷ್ಟು. ಆಸ್ತಿ ಹಾನಿಗೆ ಮಾತ್ರ ಏಳೂವರೆ ಲಕ್ಷದ ಮಿತಿ. ಹಾಗಾಗಿ "ಥರ್ಡ್ ಪಾರ್ಟಿ ಇದೆ, ಸಾಕು" ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಹಾಗಲ್ಲ. ಪಾಲಿಸಿಯ ಮಿತಿ ಮುಗಿದ ಕಡೆ ಕಂಪನಿಯ ಜವಾಬ್ದಾರಿಯೂ ಮುಗಿಯಿತು. ಉಳಿದದ್ದಕ್ಕೆ ಎದುರಿನವರು ನಿಮ್ಮ ಮೇಲೆ ಕೇಸ್ ಹಾಕಬಹುದು.

ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ಹೊಸ ಕಾರಿನ ಸರಾಸರಿ ಬೆಲೆ 45 ಸಾವಿರ ಡಾಲರ್ ದಾಟಿ ಎಷ್ಟೋ ಕಾಲವಾಯಿತು. ಅಂಥದ್ದೊಂದು ಪೂರ್ತಿ ಹಾಳಾದರೆ 25 ಸಾವಿರ ಕಂಪನಿಯದು, 20 ಸಾವಿರ ನಿಮ್ಮದು. ಇನ್ನು ಗಾಯ ಅಂತ ಆದರೆ, ಆಂಬುಲೆನ್ಸ್, ಎಮರ್ಜೆನ್ಸಿ, ಸ್ಕ್ಯಾನ್, ಒಂದು ಸರ್ಜರಿ, ಅಷ್ಟರಲ್ಲಿ ಆ 30 ಸಾವಿರ ಕಾಣದಂತೆ ಕರಗಿಹೋಗುತ್ತದೆ. ಆಫೀಸ್ ಹತ್ತಿರ ಇದ್ದರೇನು, ಎದುರಿಗೆ ಬರುವ ಕಾರು ಯಾವುದು ಅಂತ ನಾವು ಆರಿಸಿಕೊಳ್ಳಲು ಆಗುತ್ತದಾ?

ಈಗ ಯುಎಂ. ಇನ್ಶೂರೆನ್ಸ್ ಇಲ್ಲದವನು, ಅಥವಾ ಸಾಕಾಗದಷ್ಟು ಕಡಿಮೆ ಇನ್ಶೂರೆನ್ಸ್ ಇರುವವನು ನಿಮಗೆ ಗುದ್ದಿದರೆ ನಿಮ್ಮ ಕಂಪನಿಯೇ ನಿಮಗೆ ಕೊಡುವ ದುಡ್ಡು ಇದು. ನಮಗೆ 635 ಹೈವೇಯಲ್ಲಿ ಆದದ್ದು ಹೇಳುತ್ತೇನೆ. ಸಂಜೆ ಟ್ರಾಫಿಕ್, ನಾವು ನಿಂತಿದ್ದೇವೆ, ಹಿಂದಿನಿಂದ ಬಂದ ಪಿಕಪ್ ಮೊದಲು ಒಂದು ಕಾರಿಗೆ ಗುದ್ದಿ, ಆ ಕಾರು ನಮಗೆ ಗುದ್ದಿ, ನಾವು ಮುಂದಿನವರಿಗೆ ತಾಗಿದೆವು. ಪಿಕಪ್‌ನವನ ಹತ್ತಿರ ಇದ್ದದ್ದು ಇದೇ 30/60/25. ಅಂದರೆ ಮೂರು ಕಾರಿಗೂ ಸೇರಿ 25 ಸಾವಿರ. ನಮ್ಮ ಪಾಲಿಗೆ ಬಂದದ್ದು ಬಂಪರ್ ಮತ್ತು ಹಿಂದಿನ ಡಿಕ್ಕಿಯ ರಿಪೇರಿಗೇ ಸಾಲಲಿಲ್ಲ, ಒಳಗೆ ಫ್ರೇಮ್ ಬೇರೆ ಬಾಗಿತ್ತು. ಉಳಿದದ್ದು ನಮ್ಮ ಯುಎಂ ಕೊಟ್ಟಿತು, ಟೆಕ್ಸಾಸ್‌ನಲ್ಲಿ ಕಾರ್ ರಿಪೇರಿಯ ಯುಎಂಗೆ 250 ಡಾಲರ್ ಡಿಡಕ್ಟಿಬಲ್ ಇರುತ್ತದೆ, ಅಷ್ಟು ಮಾತ್ರ ನಮ್ಮ ಕೈಯಿಂದ ಹೋಯಿತು. ಹೆಂಡತಿಗೆ ಕುತ್ತಿಗೆ ನೋವು ಬಹಳ ದಿನ ಇತ್ತು. ಫಿಸಿಯೋಥೆರಪಿಗೆ ಪಿಐಪಿಯಿಂದ ಬಂತು, ತಪ್ಪು ಯಾರದು ಅನ್ನುವ ತಕರಾರು ಮುಗಿಯುವವರೆಗೆ ಕಾಯಬೇಕಾಗಿ ಬರಲಿಲ್ಲ.

ಟೆಕ್ಸಾಸ್‌ನಲ್ಲಿ ಯುಎಂ ಮತ್ತು ಪಿಐಪಿ ಎರಡನ್ನೂ ಕಂಪನಿ ನಿಮ್ಮ ಮುಂದೆ ಇಡಲೇಬೇಕು, ಬೇಡ ಅಂದರೆ ಬರೆದು ಕೊಡಬೇಕು ಅಂತ ಕಾನೂನು. ನಿಮಗೆ ಫಾರಂ ಬಂದಿರುವುದು ಅದಕ್ಕೇ. ಕೋಟ್ ಕಡಿಮೆ ಕಾಣಲಿ ಅಂತ ಮೊದಲೇ "ಬೇಡ" ಅಂತ ಟಿಕ್ ಮಾಡಿ ಕಳಿಸುವವರೂ ಇದ್ದಾರೆ, ಸರಿಯಾಗಿ ನೋಡಿಕೊಳ್ಳಿ.

ಟ್ಯಾಂಪಾದಿಂದ:

ಮೇಲಿನವರು ಯುಎಂ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಫ್ಲೋರಿಡಾದಲ್ಲಿ ಮಿನಿಮಮ್ ಅಂದರೆ 10 ಸಾವಿರ ಪಿಐಪಿ, 10 ಸಾವಿರ ಆಸ್ತಿ ಹಾನಿ, ಅಷ್ಟೇ. ಸಾಮಾನ್ಯ ಡ್ರೈವರ್‌ಗೆ ಬೇರೆಯವರ ಗಾಯಕ್ಕೆ ಅಂತ ಕವರೇಜ್ ಕಡ್ಡಾಯವೇ ಅಲ್ಲ! ಅಂದರೆ ಕಾನೂನಿನ ಪ್ರಕಾರ ಎಲ್ಲ ಸರಿ ಇರುವ ಕಾರೇ ನಿಮಗೆ ಗುದ್ದಿದರೂ ನಿಮ್ಮ ಗಾಯಕ್ಕೆ ಅವರ ಪಾಲಿಸಿಯಲ್ಲಿ ಏನೂ ಇಲ್ಲದೆ ಇರಬಹುದು. ಆ ಪಿಐಪಿಗೂ 14 ದಿನದೊಳಗೆ ಡಾಕ್ಟರಿಗೆ ತೋರಿಸಿರಬೇಕು. ನಮ್ಮ ಕಡೆಯವರು "ಸ್ವಲ್ಪ ನೋವು, ಹೋಗುತ್ತೆ ಬಿಡಿ" ಅಂತ ಮನೆಯಲ್ಲಿ ಮುಲಾಮು ಹಚ್ಚಿಕೊಂಡು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ನಾನು ಎಲ್ಲದಕ್ಕಿಂತ ಮೊದಲು ಯುಎಂ ತಗೊಳ್ಳಿ ಅನ್ನುತ್ತೇನೆ.

ಫ್ರೀಮಾಂಟ್‌ನಿಂದ:

ಕ್ಯಾಲಿಫೋರ್ನಿಯಾದ ಮಿನಿಮಮ್ 15/30/5 ಇತ್ತು. 1967ರಿಂದ 2024ರ ಕೊನೆಯವರೆಗೂ ಅದೇ. 5 ಸಾವಿರದಲ್ಲಿ ಈಗಿನ ಕಾರಿನ ಒಂದು ಹೆಡ್‌ಲೈಟು, ಬಂಪರು, ಸೆನ್ಸರು ಹಾಕಿಸಿದರೆ ಮುಗಿಯಿತು. 2025ರ ಜನವರಿಯಿಂದ 30/60/15 ಆಗಿದೆ, 2035ಕ್ಕೆ 50/100/25 ಆಗುತ್ತದೆ. ನಾನು ಇದರಿಂದ ತಿಳಿದುಕೊಂಡದ್ದು ಏನೆಂದರೆ, ಮಿನಿಮಮ್ ಅನ್ನುವುದು ಯಾರೋ ಆಸ್ಪತ್ರೆ ಬಿಲ್ ನೋಡಿ ವರ್ಷ ವರ್ಷ ಸರಿಮಾಡುವ ನಂಬರ್ ಅಲ್ಲ. ಎಷ್ಟೋ ವರ್ಷ ಯಾರೂ ಮುಟ್ಟದೆ ಹಾಗೇ ಉಳಿದಿರುತ್ತದೆ.

ರೇಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಇಲ್ಲಿ ಕ್ರೆಡಿಟ್ ಸ್ಕೋರ್ ನೋಡಿ ಪ್ರೀಮಿಯಂ ಹಾಕುವಂತಿಲ್ಲ. ಟೆಕ್ಸಾಸ್‌ನಲ್ಲಿ ನೋಡಬಹುದು. ನೀವು ಹೊಸಬರು, ಕ್ರೆಡಿಟ್ ಹಿಸ್ಟರಿ ಇಲ್ಲ, ಮೈಸೂರಿನಲ್ಲಿ ಓಡಿಸಿದ ವರ್ಷಗಳನ್ನು ಎಷ್ಟೋ ಕಂಪನಿಗಳು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದಕ್ಕೇ ಈಗಿನ ಕೋಟ್ ಜಾಸ್ತಿ ಬಂದಿರಬಹುದು. ಆರು ತಿಂಗಳ ಪಾಲಿಸಿ ಮುಗಿದಾಗ ಬೇರೆ ಕಡೆಯೂ ಕೋಟ್ ಕೇಳಿ, ಆದರೆ ಮಧ್ಯೆ ಒಂದು ದಿನವೂ ಖಾಲಿ ಬಿಡಬೇಡಿ. ಕವರೇಜ್ ತಪ್ಪಿದ್ದು ದಾಖಲೆಯಲ್ಲಿದ್ದರೆ ಮುಂದಿನವರು ಅದನ್ನೇ ನೋಡಿ ರೇಟ್ ಏರಿಸುತ್ತಾರೆ.

ಎಡಿಸನ್‌ನಿಂದ:

ನ್ಯೂಜೆರ್ಸಿಯಲ್ಲಿ ಸ್ಟ್ಯಾಂಡರ್ಡ್ ಪಾಲಿಸಿಯ ಮಿನಿಮಮ್ 2023ರಲ್ಲಿ 25/50/25 ಆಯಿತು, 2026ರ ಜನವರಿಯಿಂದ 35/70/25. "ಬೇಸಿಕ್" ಅಂತ ಇನ್ನೊಂದು ಅಗ್ಗದ್ದು ಇದೆ, ಅದರಲ್ಲಿ ಬೇರೆಯವರ ಗಾಯಕ್ಕೆ ಏನೂ ಇರುವುದಿಲ್ಲ, ಬೇಕಾದರೆ ಬೇರೆಯಾಗಿ ಸೇರಿಸಬೇಕು. ವರ್ಜೀನಿಯಾದಲ್ಲಿ 500 ಡಾಲರ್ ಕಟ್ಟಿ ಇನ್ಶೂರೆನ್ಸ್ ಇಲ್ಲದೆ ಓಡಿಸುವ ಅವಕಾಶವೇ ಇತ್ತು, 2024ರ ಜುಲೈನಲ್ಲಿ ನಿಂತಿತು, ಈಗ ಅಲ್ಲಿ 50/100/25. ಹಾಗಾಗಿ ಕೆಲಸ ಬದಲಾಗಿ ಬೇರೆ ಸ್ಟೇಟ್‌ಗೆ ಹೋದರೆ ಹಳೆಯ ನಂಬರ್ ನಂಬಿಕೊಂಡಿರಬೇಡಿ, ಹೊಸ ವಿಳಾಸ ಕೊಟ್ಟು ಪಾಲಿಸಿಯನ್ನೇ ಬದಲಾಯಿಸಿ. ನ್ಯೂಯಾರ್ಕ್‌ನಲ್ಲಿ ಇರುವವರಿಗೆ ಒಂದು ಮಾತು: ಊರಿಗೆ ಹೋಗುತ್ತೇವೆ ಅಂತ ಇನ್ಶೂರೆನ್ಸ್ ನಿಲ್ಲಿಸುವ ಮೊದಲು ನಂಬರ್ ಪ್ಲೇಟ್ ಬಿಚ್ಚಿ ಡಿಎಂವಿಗೆ (ನಮ್ಮ ಆರ್‌ಟಿಒ ಥರದ ಕಚೇರಿ) ಒಪ್ಪಿಸಬೇಕು. ಕಾರು ಪಾರ್ಕಿಂಗ್‌ನಲ್ಲಿ ಸುಮ್ನೆ ನಿಂತಿದ್ದರೂ ಅಷ್ಟೇ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಏಜೆಂಟ್ ಕೂಡ ಹೇಳಿರಲಿಲ್ಲ. ಅಪ್ಪ ಅಮ್ಮನ ವಿಷಯ ಯಾರಾದರೂ ಹೇಳುತ್ತೀರಾ? ಹಳೆಯ ಕಾರಿಗೆ ಕೊಲಿಷನ್ (ಗುದ್ದಿದಾಗ ನಮ್ಮ ಕಾರಿನ ರಿಪೇರಿಗೆ), ಕಾಂಪ್ರಿಹೆನ್ಸಿವ್ (ಆಲಿಕಲ್ಲು, ಕಳ್ಳತನದಂಥ ಹಾನಿಗೆ) ಬೇಕಾ?

ಫ್ರಿಸ್ಕೊದಿಂದ:

ಅಪ್ಪ ಅಪರೂಪಕ್ಕೆ ಅಂಗಡಿಗೆ ಹೋಗಿಬಂದರೆ ಒಂದು ಲೆಕ್ಕ, ನಿಮ್ಮ ಜೊತೆಯೇ ತಿಂಗಳುಗಟ್ಟಲೆ ಇದ್ದು ಓಡಿಸಿದರೆ ಇನ್ನೊಂದು ಲೆಕ್ಕ. ಮನೆಯಲ್ಲೇ ಇರುವ ಡ್ರೈವರ್ ಅಂತ ಕಂಪನಿ ಪರಿಗಣಿಸಬಹುದು. ಅವರು ಬರುವ ಮೊದಲೇ ತಿಳಿಸಿ, ಹೆಸರು ಸೇರಿಸಬೇಕಾ ಅಂತ ಕೇಳಿ, ಉತ್ತರ ಮೇಲ್‌ನಲ್ಲಿ ತಗೊಳ್ಳಿ. ಪಾಲಿಸಿಯಲ್ಲಿ "ಎಕ್ಸ್‌ಕ್ಲೂಡೆಡ್ ಡ್ರೈವರ್" ಅಂತ ಅವರ ಹೆಸರು ಹಾಕಿದ್ದರೆ ಸ್ಟೀರಿಂಗ್ ಮುಟ್ಟಲೇಬಾರದು.

ಅಮ್ಮನ ವಿಷಯಕ್ಕೆ ಪಿಐಪಿ. ಅವರಿಗೆ ಇರುವುದು ವಿಸಿಟರ್ ಇನ್ಶೂರೆನ್ಸ್, ಅದರಲ್ಲಿ ಏನು ಸಿಗುತ್ತದೆ ಏನು ಸಿಗುವುದಿಲ್ಲ ಅನ್ನುವುದು ಕ್ಲೇಮ್ ಹೊತ್ತಿಗೇ ಗೊತ್ತಾಗುವುದು. ನಿಮ್ಮ ಪಿಐಪಿ ಕಾರಿನಲ್ಲಿ ಕೂತವರಿಗೂ ಅನ್ವಯಿಸುತ್ತದೆ. 2,500 ಡಾಲರ್‌ನಿಂದ ಶುರು. ನಾವು 10 ಸಾವಿರ ಇಟ್ಟಿದ್ದೇವೆ, ಮುಖ್ಯವಾಗಿ ಅತ್ತೆ ಮಾವ ಬಂದಾಗ ಇರಲಿ ಅಂತ.

ಕಾಂಪ್ರಿಹೆನ್ಸಿವ್ ಕಾನೂನಿಗೆ ಬೇಡ, ಲೋನ್ ಇಲ್ಲದ್ದರಿಂದ ಯಾರೂ ಕೇಳುವುದೂ ಇಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬೀಳುವ ಆಲಿಕಲ್ಲು ನೋಡಿದ್ದೀರಾ? ಬಾನೆಟ್ ತುಂಬ ಹೆಬ್ಬೆರಳಿನಷ್ಟು ತಗ್ಗು, ಹಿಂದಿನ ಗಾಜು ಪುಡಿ. ಅಪಾರ್ಟ್‌ಮೆಂಟ್‌ನಲ್ಲಿ ಕವರ್ಡ್ ಪಾರ್ಕಿಂಗ್ ಇಲ್ಲದಿದ್ದರೆ ಕಾಂಪ್ರಿಹೆನ್ಸಿವ್ ಇಟ್ಟುಕೊಳ್ಳಿ ಅನ್ನುತ್ತೇನೆ. ಕೊಲಿಷನ್ ಮಾತ್ರ ಕಾರಿನ ಬೆಲೆ ನೋಡಿ. ಡಿಡಕ್ಟಿಬಲ್ ಕಳೆದರೆ ಕೈಗೆ ಬರುವುದು ಎರಡು ಮೂರು ಸಾವಿರ ಅಂತಾದರೆ ಬಿಟ್ಟರೂ ನಡೆಯುತ್ತದೆ.

ದುಡ್ಡು ಉಳಿಸಬೇಕಾದರೆ ಡಿಡಕ್ಟಿಬಲ್ 500ರಿಂದ 1,000ಕ್ಕೆ ಏರಿಸಿ ಉಳಿಸಿ. ಲಯಬಿಲಿಟಿಯಲ್ಲಿ, ಅಂದರೆ ಎದುರಿನವರಿಗೆ ಕೊಡುವ ಆ ಮೂರು ನಂಬರ್‌ಗಳಲ್ಲಿ, ಕತ್ತರಿ ಹಾಕಬೇಡಿ.

ಫ್ರೀಮಾಂಟ್‌ನಿಂದ:

ಸರಿಯಾಗಿ ಹೇಳಿದಿರಿ. ಮುಂದೆ ಮನೆ ತಗೊಂಡರೆ ಅಂಬ್ರೆಲಾ ಪಾಲಿಸಿ ಅಂತ ಬೇರೆಯೇ ಇದೆ, ಕಾರು, ಮನೆ ಪಾಲಿಸಿಗಳ ಮಿತಿ ಮುಗಿದ ಮೇಲೆ ಕೊಡುವುದು, ಸಾಮಾನ್ಯವಾಗಿ 10 ಲಕ್ಷ ಡಾಲರ್ ಕವರೇಜ್‌ನಿಂದ ಶುರು. ಅದನ್ನು ಕೊಡುವ ಕಂಪನಿಗಳು ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 250/500 ಇರಬೇಕು ಅಂತ ಕೇಳುತ್ತವೆ. ಈಗಲೇ ಅದರ ಚಿಂತೆ ಬೇಡ.

ಪ್ರಶ್ನೆ ಕೇಳಿದವರು:

ಏಜೆಂಟ್‌ಗೆ ಈಗಷ್ಟೇ ಮೇಲ್ ಹಾಕಿದೆ. 100/300/100, ಯುಎಂ ಕೂಡ ಅಷ್ಟೇ, ಪಿಐಪಿ 10 ಸಾವಿರ, ಕಾಂಪ್ರಿಹೆನ್ಸಿವ್ 1,000 ಡಿಡಕ್ಟಿಬಲ್, ಕೊಲಿಷನ್ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು, ಬೇಸಿಗೆಗೆ ಅಪ್ಪನನ್ನು ಸೇರಿಸಿದರೆ ಎಷ್ಟು ಅಂತ ಕೇಳಿದ್ದೇನೆ. ಶನಿವಾರ ಕಾರ್ ತಗೊಳ್ಳುವುದು.

ಎಡಿಸನ್‌ನಿಂದ:

ಶನಿವಾರ ಕೀ ಕೈಗೆ ತಗೊಳ್ಳುವ ಮೊದಲು ಡಿಕ್ಲರೇಷನ್ ಪೇಜ್ (ಪಾಲಿಸಿಯ ಕವರೇಜ್ ಎಲ್ಲ ಪಟ್ಟಿ ಮಾಡಿರುವ ಪುಟ) ತೆರೆದು ನೋಡಿ. ಕಾರಿನ ಗುರುತಿನ ನಂಬರ್ ಆದ ವಿಐಎನ್‌ನ 17 ಅಕ್ಷರ ಡ್ಯಾಶ್‌ಬೋರ್ಡಿನ ಗಾಜಿನ ಕೆಳಗೆ ಇರುವುದಕ್ಕೆ ಸರಿಹೊಂದಬೇಕು, ಪಾಲಿಸಿ ಶುರುವಾಗುವ ತಾರೀಕು ಶನಿವಾರದ್ದೇ ಇರಬೇಕು, ಸೋಮವಾರದ್ದಲ್ಲ. ಯುಎಂ ಸಾಲಿನ ಎದುರು "ರಿಜೆಕ್ಟೆಡ್" ಅಂತ ಇದ್ದರೆ ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿ.