ಐದು ವರ್ಷದ ಮಗಳು ಕಕ್ಕ ತಡೆದುಕೊಳ್ತಾಳೆ, ನೀವೆಲ್ಲ ಏನು ಮಾಡಿದ್ರಿ?

ಕೇಳಿದವರು, ಜೆ.ಪಿ. ನಗರದಿಂದ:
ಮಗಳು ಯುಕೆಜಿ. ವಾರಕ್ಕೆ ಒಂದೋ ಎರಡೋ ಸಲ ಹೋದರೆ ಅದೇ ಹೆಚ್ಚು. ಬಂದ ಹಾಗಾದಾಗ ಸೋಫಾ ಹಿಂದೆ ಹೋಗಿ, ಕಾಲು ಕತ್ತರಿ ಹಾಕಿಕೊಂಡು ತುದಿಗಾಲಲ್ಲಿ ನಿಂತುಬಿಡ್ತಾಳೆ. ಹೋಗುವಾಗ ಅಳು, ಒಮ್ಮೊಮ್ಮೆ ಒಂದೆರಡು ಹನಿ ರಕ್ತ. ಡಾಕ್ಟರ್ ಮಲ ಮೆತ್ತಗಾಗೋಕೆ ಪೆಗ್ ಅನ್ನೋ ಪುಡಿ ಬರೆದುಕೊಟ್ಟು ತಿಂಗಳುಗಟ್ಟಲೆ ಕೊಡಿ ಅಂದಿದ್ದಾರೆ. ಅತ್ತೆ, ‘ಮಗುಗೆ ಔಷಧಿ ಅಭ್ಯಾಸ ಆಗಿಬಿಡುತ್ತೆ, ಬೇಡ’ ಅಂತಾರೆ. ಇದನ್ನ ದಾಟಿ ಬಂದವರು ದಯವಿಟ್ಟು ಹೇಳಿ.

ವಿಜಯನಗರದಿಂದ ಒಬ್ಬರು:
ಆ ಕತ್ತರಿ ಕಾಲು ನಮ್ಮ ಮನೇಲೂ ಇತ್ತು. ನೋಡೋರಿಗೆ ಪಾಪ ತಿಣುಕ್ತಾ ಇದೆ ಅನ್ಸುತ್ತೆ, ನಿಜಕ್ಕೂ ಅವರು ಬಿಗಿಹಿಡಿದು ಒಳಗೇ ತಳ್ತಾ ಇರ್ತಾರೆ. ಯಾವತ್ತೋ ಒಂದಿನ ಗಟ್ಟಿಯಾಗಿ ಹೋಗಿ ಉರಿದಿರುತ್ತೆ. ಆ ಹೆದರಿಕೆಗೆ ಮುಂದಿನ ಸಲ ತಡೀತಾರೆ. ಒಳಗೆ ಉಳಿದಷ್ಟೂ ಕರುಳು ನೀರು ಹೀರಿಕೊಂಡು ಮಲ ಇನ್ನೂ ಗಟ್ಟಿಯಾಗುತ್ತೆ, ಹೋಗುವಾಗ ಸೀಳುತ್ತೆ. ರಕ್ತದ ಹನಿ ಸಾಮಾನ್ಯವಾಗಿ ಆ ಸೀಳಿನದ್ದೇ, ಆದರೂ ಡಾಕ್ಟರ್ ಕಣ್ಣಿಗೆ ಒಂದು ಸಲ ಬೀಳಲಿ.

ಪುಡಿ ವಿಷಯ. ಪೆಗ್ ಅಂದ್ರೆ ಪಾಲಿಎಥಿಲೀನ್ ಗ್ಲೈಕಾಲ್. ಅದು ಮೈಗೆ ಹೆಚ್ಚುಕಮ್ಮಿ ಹತ್ತೋದೇ ಇಲ್ಲ, ನೀರನ್ನ ಕರುಳಲ್ಲೇ ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತೆ, ಅಷ್ಟೇ. ಕರುಳನ್ನ ಸೋಮಾರಿ ಮಾಡಲ್ಲ. ಅತ್ತೆಯವರನ್ನೂ ಒಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ನೀವು ಹೇಳೋದಕ್ಕಿಂತ ಅವರ ಬಾಯಲ್ಲಿ ಕೇಳಿದ್ರೆ ಒಪ್ತಾರೆ. ಮೊದಲು ಕೆಲವು ದಿನ ಜಾಸ್ತಿ ಪ್ರಮಾಣ ಕೊಟ್ಟು ಒಳಗೆ ಕಟ್ಟಿಕೊಂಡಿರೋದನ್ನ ಖಾಲಿ ಮಾಡಿಸ್ತಾರೆ. ಆ ದಿನಗಳಲ್ಲಿ ಸ್ಕೂಲಿಗೆ ಕಳಿಸಬೇಡಿ, ದಸರಾ ರಜೆಯೋ ಲಾಂಗ್ ವೀಕೆಂಡೋ ನೋಡ್ಕೊಳ್ಳಿ. ಆಮೇಲೆ ದಿನಾ ಕಮ್ಮಿ ಪ್ರಮಾಣ, ಕನಿಷ್ಠ 2 ತಿಂಗಳು. ಎಷ್ಟೋ ಮಕ್ಕಳಿಗೆ ಆರೇಳು ತಿಂಗಳು, ಅದಕ್ಕೂ ಮೇಲೆ ಬೇಕಾಗುತ್ತೆ. ‘ಈಗ ಸರಿಹೋಯ್ತಲ್ಲ’ ಅಂತ ನೀವೇ ನಿಲ್ಲಿಸಬೇಡಿ. ಹಿಗ್ಗಿದ ಗುದನಾಳ ಹಳೇ ಇಲಾಸ್ಟಿಕ್ ಥರ ಸಡಿಲ ಆಗಿರುತ್ತೆ, ತುಂಬಿದ್ದೇ ಮಗುಗೆ ಗೊತ್ತಾಗಲ್ಲ. ಅದು ಮೊದಲಿನ ಹಾಗಾಗೋಕೆ ಟೈಮ್ ಬೇಕು. ಬಿಡಿಸೋದೂ ನಿಧಾನವಾಗಿ, ಡಾಕ್ಟರ್ ಹೇಳಿದ ಹಾಗೆ.

ನೀರಲ್ಲಿ ಪೂರ್ತಿ ಕರಗೋವರೆಗೂ ಕಲಸಿ. ನಮ್ಮವನು ನೀರಲ್ಲಿ ಕೊಟ್ರೆ ಮೂತಿ ತಿರುಗಿಸ್ತಿದ್ದ, ಮೂಸಂಬಿ ಜ್ಯೂಸಲ್ಲಿ ಹಾಕಿದ್ರೆ ಒಂದೇ ಗುಕ್ಕಿಗೆ ಖಾಲಿ.

ಯಲಹಂಕದಿಂದ ಒಬ್ಬ ಅಪ್ಪ:
ನಮ್ಮದು ಸ್ಕೂಲ್ ವ್ಯಾನ್ ಸಮಸ್ಯೆ. ಏಳೂಕಾಲಿಗೆ ಗೇಟ್ ಹತ್ರ ಹಾರ್ನ್ ಹೊಡೀತಾನೆ, ಆ ಗಡಿಬಿಡೀಲಿ ಯಾವ ಮಗು ಹೋಗುತ್ತೆ? ಊಟ ಆದಮೇಲೆ ಕರುಳು ತಾನಾಗೇ ಅಲ್ಲಾಡುತ್ತಂತೆ, ಅದಕ್ಕೆ ಸಂಜೆ ತಿಂಡಿ, ರಾತ್ರಿ ಊಟ ಆದಮೇಲೆ ಐದ್ಹತ್ತು ನಿಮಿಷ ಕೂರಿಸೋ ರೂಢಿ ಮಾಡಿದ್ವಿ. ಕಮೋಡಲ್ಲಿ ಕಾಲು ನೇತಾಡ್ತಿತ್ತು. ಅಡುಗೆಮನೆ ಮಣೆ ತಂದು ಪಾದದ ಕೆಳಗಿಟ್ವಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು, ಆಗ ಸಲೀಸು. ಮಂಡ್ಯದ ಅಜ್ಜಿ ಮನೆ ಇಂಡಿಯನ್ ಟಾಯ್ಲೆಟ್ಟಲ್ಲಿ ನಮ್ಮ ಮಗಳಿಗೆ ತೊಂದರೆ ಯಾಕೆ ಕಮ್ಮಿ ಅನ್ನೋದು ನಮಗೆ ಆಗ ಹೊಳೀತು! ಕೂತಾಗ ಕೈಗೆ ಜಾತ್ರೆ ಪೀಪಿ ಕೊಡಿ. ಊದೋವಾಗ ಹೊಟ್ಟೆ ತಾನಾಗೇ ಒತ್ತುತ್ತೆ. ಸ್ಟಿಕ್ಕರ್ ಕೂತಿದ್ದಕ್ಕೆ ಕೊಡಿ. ಬಂತಾ ಇಲ್ವಾ ಅನ್ನೋದಕ್ಕಲ್ಲ.

ಬಸವನಗುಡಿಯ ಒಬ್ಬ ಅಜ್ಜಿ:
ಹಾಲು ಎಷ್ಟು ಕುಡಿಸ್ತೀಯಮ್ಮ? ನನ್ನ ಮೊಮ್ಮಗ ಲೋಟಗಟ್ಟಲೆ ಹಾಲು ಕುಡಿದು ಊಟ ಬಿಡ್ತಿದ್ದ. ಅರ್ಧ ಲೀಟರ್ ಮೀರಬೇಡಿ ಅಂದ್ರು ಡಾಕ್ಟರು. ಸೊಪ್ಪಿನ ಬಸ್ಸಾರಿಗೆ ಮುದ್ದೆ, ಪಲ್ಯಕ್ಕೆ ಹುರುಳಿಕಾಯಿ, ಸಂಜೆಗೆ ಸೀಬೆ ಇಲ್ಲಾ ಪರಂಗಿ. ಹಾಪ್‌ಕಾಮ್ಸಲ್ಲಿ ಚೆನ್ನಾಗಿರೋದೇ ಸಿಗುತ್ತೆ. ಬಿಸ್ಕತ್ತು, ಬ್ರೆಡ್ಡು ಕಮ್ಮಿ ಮಾಡು. ನಮ್ಮ ಕಾಲದಲ್ಲಿ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಇಡ್ತಿದ್ವಿ, ಆಗಿಹೋಗ್ತಿತ್ತು.

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡೋ ಒಬ್ಬ ನರ್ಸ್:
ಅಮ್ಮಾ, ಊಟದ ಮಾತು ನೂರಕ್ಕೆ ನೂರು ಸರಿ, ತೊಟ್ಟು ಮಾತ್ರ ಬೇಡ. ಸೋಪಿನ ಚೂರೂ ಬೇಡ. ಹಿಂದುಗಡೆ ಉರಿಯುತ್ತೆ ಅಂತಲೇ ತಡೀತಿರೋ ಮಗುಗೆ ಅಲ್ಲೇ ಏನಾದ್ರೂ ತುರುಕಿದ್ರೆ ಹೆದರಿಕೆ ಇಮ್ಮಡಿ ಆಗುತ್ತೆ. ಹರಳೆಣ್ಣೆ ಕುಡಿಸೋದೂ ಬೇಡ. ಇನ್ನೊಂದು, ಹಳೇದು ಒಳಗೆ ಕಟ್ಟಿಕೊಂಡಿರೋವಾಗ ಬರೀ ಸೊಪ್ಪು ಹಣ್ಣಿಂದ ಅದು ಕರಗಲ್ಲ. ಊಟ ಪುಡಿ ಜೊತೆಗೆ, ಪುಡಿ ಬದಲು ಅಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಚೆಗೆ ಚಡ್ಡೀಲಿ ತೆಳ್ಳಗೆ ಕಲೆ ಆಗ್ತಿದೆ, ಕೇಳಿದ್ರೆ ‘ನಂಗೊತ್ತೇ ಆಗ್ಲಿಲ್ಲ’ ಅಂತಾಳೆ. ಭೇದಿ ಶುರುವಾಯ್ತು ಅಂತ ಪುಡಿ ನಿಲ್ಲಿಸಬೇಕಾ?

ವಿಜಯನಗರ:
ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಗಟ್ಟಿ ಉಂಡೆ ಅಡ್ಡ ಕೂತಾಗ ಅದರ ಪಕ್ಕದಿಂದ ತೆಳ್ಳಗಿರೋದು ಜಾರಿ ಬರುತ್ತೆ, ಭೇದಿ ಥರಾನೇ ಕಾಣುತ್ತೆ. ಗೊತ್ತಾಗಲಿಲ್ಲ ಅಂದ್ರೆ ನಿಜವಾಗ್ಲೂ ಗೊತ್ತಾಗಿರಲ್ಲ, ಬೈಬೇಡಿ. ಬ್ಯಾಗಲ್ಲಿ ಒಂದು ಚಡ್ಡಿ, ಒಂದು ಕವರ್ ಇಡಿ. ಮಿಸ್ ಹತ್ರ ಮೊದಲೇ ಮಾತಾಡಿ, ಬೇರೆ ಮಕ್ಕಳ ಮುಂದೆ ಕೇಳದೆ ಅವಳನ್ನ ಟಾಯ್ಲೆಟ್ಟಿಗೆ ಬಿಡ್ತಾರೆ.

ನರ್ಸ್:
ಹಸಿರು ವಾಂತಿ, ಹೊಟ್ಟೆ ಉಬ್ಬರ, ತೂಕ ಇಳಿಯೋದು, ಕಾಲಲ್ಲಿ ಶಕ್ತಿ ಇಲ್ಲದಿರೋದು ಕಂಡ್ರೆ ಕಾಯಬೇಡಿ. ಹುಟ್ಟಿದಾಗ ಮೊದಲ ಕಪ್ಪು ಮಲ 48 ಗಂಟೆ ಕಳೆದ ಮೇಲೆ ಹೋಗಿದ್ರೂ ಡಾಕ್ಟರಿಗೆ ಹೇಳಲೇಬೇಕು, ಕರುಳಿನ ನರಗಳದ್ದೇ ತೊಂದರೆ ಇರಬಹುದು. ಖಾಸಗಿ ಆಸ್ಪತ್ರೆ ಖರ್ಚು ಭಾರ ಅನ್ನಿಸಿದ್ರೆ ನಿಮ್ಹಾನ್ಸ್ ಹತ್ರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗಿ. ಯಾವತ್ತು ಹೋದಳು, ಗಟ್ಟಿಯೋ ಮೆತ್ತಗೋ, ಕಲೆ ಆಯ್ತೋ ಇಲ್ವೋ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡು ಹೋಗಿ. ಮೊಬೈಲಲ್ಲಿ ಫೋಟೋ ತೋರಿಸಿದ್ರೂ ಅವರೇನೂ ಮೂಗು ಮುರಿಯಲ್ಲ.