ನೊಬೈಲ್ ಆರ್ಕಿಡ್ ಹೂವಿನ ಬದಲು ಮರಿ ಬಿಡುತ್ತಿದೆ, ಯಾಕೆ?

ಪ್ರಶ್ನೆ (ಮಲ್ಲೇಶ್ವರ, ಬೆಂಗಳೂರು): ನನ್ನ ಡೆಂಡ್ರೋಬಿಯಂ ನೊಬೈಲ್ ಹೋದ ಫೆಬ್ರವರಿಯಲ್ಲಿ ಗಿಣ್ಣುಗಿಣ್ಣಿಗೂ ನೇರಳೆ ಹೂ ಬಿಟ್ಟಿತ್ತು. ಈ ಸಲ ಗಿಣ್ಣುಗಳಲ್ಲಿ ಬೇರು ಸಮೇತ ಪುಟ್ಟ ಗಿಡಗಳು ಬರುತ್ತಿವೆ. ಕೆಲವು ಕಾಂಡಗಳ ಎಲೆಯೆಲ್ಲ ಉದುರಿದೆ. ಪಕ್ಕದ ಫೆಲೆನಾಪ್ಸಿಸ್ ಆರ್ಕಿಡ್ ಮಾತ್ರ ಚೆನ್ನಾಗಿ ಮೊಗ್ಗು ಹಿಡಿದಿದೆ. ಎರಡಕ್ಕೂ ಒಂದೇ ಆರೈಕೆ. ಬೋಳು ಕಾಂಡ ಕತ್ತರಿಸಲಾ?

ಉತ್ತರ (ಶಿರಸಿ): ದಯವಿಟ್ಟು ಕತ್ತರಿಸಬೇಡಿ ಮೇಡಂ! ಎಲೆ ಉದುರಿದ ಕಾಂಡದಲ್ಲೇ ಹೂ ಬರುವುದು. ನೊಬೈಲ್ ಹಿಮಾಲಯದ ಕಡೆಯ ಗಿಡ. ಅಲ್ಲಿ ಮಳೆಗಾಲದಲ್ಲಿ ಬೆಳೆಯುತ್ತದೆ, ಒಣ ಚಳಿಗಾಲದಲ್ಲಿ ಸುಮ್ನೆ ಇರುತ್ತದೆ. ಆ ವಿಶ್ರಾಂತಿ ಸಿಗದೆ ನೀರು, ಸಾರಜನಕದ ಗೊಬ್ಬರ ಜಾಸ್ತಿಯಾದರೆ ಹೂವಾಗಬೇಕಿದ್ದ ಗಿಣ್ಣು ಮರಿಯಾಗುತ್ತದೆ. ಮುಂದಿನ ನವೆಂಬರ್‌ನಿಂದ ಗೊಬ್ಬರ ಪೂರ್ತಿ ನಿಲ್ಲಿಸಿ. ಕಾಂಡ ತೀರಾ ಸುಕ್ಕಾಗದಷ್ಟು ಮಾತ್ರ ನೀರು ಕೊಡಿ. ಒಳ್ಳೆ ಬೆಳಕು, ರಾತ್ರಿಯ ಚಳಿ ಎರಡೂ ತಾಗಲಿ. ಮೊಗ್ಗು ಸ್ಪಷ್ಟವಾಗಿ ಕಂಡ ಮೇಲೆ ನೀರು ಹೆಚ್ಚಿಸಿ. ನಮ್ಮೂರ ಕಾಡು ಆರ್ಕಿಡ್ ಸೀತಾಳೆ ದಂಡೆಯೂ ಬೇಸಿಗೆಯ ಒಣಗಾಳಿ ಸಹಿಸಿಕೊಂಡೇ ಮಳೆಯ ಹೊತ್ತಿಗೆ ಅರಳುವುದು, ಅಲ್ವಾ? ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಉತ್ತರ (ಮಂಗಳೂರು): ಫೆಲೆನಾಪ್ಸಿಸ್‌ಗೆ ಈ ಉಪವಾಸ ಬೇಡ. ನೀರು ಕೂಡಿಡುವ ದಪ್ಪ ಕಾಂಡ ಅದಕ್ಕಿಲ್ಲ. ಕೆಲವು ವಾರ ತಂಪು ರಾತ್ರಿ ಸಿಕ್ಕರೆ ಹೂದಂಟು ಬರುತ್ತದೆ. ನಿಮ್ಮೂರ ಚಳಿ ಸಾಕು. ನಮ್ಮ ಸೆಕೆಯಲ್ಲಿ ಅದನ್ನು ಹೂ ಬಿಡಿಸುವುದೇ ಕಷ್ಟ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮರಿಗಳನ್ನು ಯಾವಾಗ ಬಿಡಿಸಲಿ?

ಉತ್ತರ (ಶಿರಸಿ): ಬೇರು ಒಂದೆರಡು ಇಂಚು ಬರಲಿ. ಆಮೇಲೆ ಬಿಡಿಸಿ ಸಣ್ಣ ಕುಂಡದಲ್ಲಿ ಪಾಚಿ (ಮಾಸ್) ಇಟ್ಟು ನೆಡಿ.