ಸೋಮವಾರದಿಂದ ನಾಲ್ವರೂ ಒಟ್ಟಿಗೆ ಸಿಗರೇಟು ಬಿಡ್ತಿದೀವಿ, ಮೊದಲ ನಾಲ್ಕೈದು ದಿನ ದಾಟೋದು ಹೇಗೆ?

ಪೀಣ್ಯ_ಜನರಲ್_ಶಿಫ್ಟ್

ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡೋ ನಾಲ್ವರು ಬರುವ ಸೋಮವಾರದಿಂದ ಬಿಡೋದು ಅಂತ ತೀರ್ಮಾನ ಮಾಡಿದೀವಿ. ಮೂವರದು ದಿನಕ್ಕೆ 10ರಿಂದ 15 ಸಿಗರೇಟು, ಒಬ್ಬರದು ಒಂದು ಕಟ್ಟು ಬೀಡಿ. ವಾಟ್ಸ್ಯಾಪ್ ಗುಂಪು ಮಾಡ್ಕೊಂಡಿದೀವಿ, ಆದ್ರೆ ಅದರಲ್ಲಿ ಏನು ಮಾಡಬೇಕು ಅಂತ ಯಾರಿಗೂ ತೋಚ್ತಿಲ್ಲ. ಬೆಳಗ್ಗೆ ಟೀ ಬ್ರೇಕು, ಮಧ್ಯಾಹ್ನ ಊಟ ಆದಮೇಲೆ, ಇವೆರಡೇ ಹೆದರಿಕೆ. ನಿಕೋಟಿನ್ ಗಮ್ ಬೇಕಾ? ಬೇಕಾದ್ರೆ ಎಷ್ಟು, ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ.

ಕಡಲತಡಿ

ಗುಂಪು ಇರೋದು ಒಳ್ಳೇದು, ಆದ್ರೆ ಅದರ ಮೊದಲ ನಿಯಮ ಹೀಗಿರಲಿ: ಸೇದಿದ ಮೇಲೆ ಅಲ್ಲ, ಸೇದೋಕೆ ಮುಂಚೆ ಮೆಸೇಜು. ‘ಬೇಕು’ ಅನ್ನೋ ಒಂದೇ ಪದ ಸಾಕು. ನೋಡಿದವರು ಅದಕ್ಕೆ ಟೈಪ್ ಮಾಡ್ತಾ ಕೂರಬಾರದು, ತಕ್ಷಣ ಫೋನ್ ಮಾಡಬೇಕು. ಸೇದಬೇಕು ಅನ್ನೋ ಆ ಸೆಳೆತ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದಲ್ಲಿ ಏರಿ ಇಳಿಯುತ್ತೆ, ಜಾಸ್ತಿ ಅಂದ್ರೆ ಹತ್ತು ನಿಮಿಷ. ಅಷ್ಟು ಹೊತ್ತು ಲೈನಲ್ಲಿ ಇದ್ದರಾಯ್ತು. ಸಿಗರೇಟಿನ ಮಾತೇ ಬೇಡ. ಕ್ರಿಕೆಟ್ಟು, ಮನೆ ಬಾಡಿಗೆ, ಮಗುವಿನ ಸ್ಕೂಲು, ಏನಾದ್ರೂ ನಡೆಯುತ್ತೆ.

ಎರಡನೇದು, ನಾಲ್ವರನ್ನ ಎರಡು ಜೋಡಿ ಮಾಡಿ. ಗುಂಪಿಗೆ ಬಂದ ಮೆಸೇಜನ್ನ ‘ಇನ್ನೊಬ್ಬ ನೋಡ್ತಾನೆ’ ಅಂತ ಎಲ್ಲರೂ ಬಿಟ್ಟುಬಿಡ್ತಾರೆ. ಜೋಡಿಯಲ್ಲಿ ಆ ದಾರಿ ಇಲ್ಲ. ದಿನಕ್ಕೆ ಮೂರು ಸಲ, ಎದ್ದಾಗ, ಊಟದ ನಂತರ, ಮಲಗೋ ಮುಂಚೆ, ಸೆಳೆತ ಎಷ್ಟಿದೆ ಅಂತ 0ರಿಂದ 10ರೊಳಗೆ ಒಂದು ಅಂಕಿ ಹಾಕಿ. 7 ದಾಟಿದವರ ಜೊತೆ ಅವತ್ತಿನ ಟೀ ಬ್ರೇಕಿಗೆ ಜೋಡಿ ಕಡ್ಡಾಯವಾಗಿ ಹೋಗಬೇಕು, ಅದೂ ಸಿಗರೇಟು ಮಾರೋ ಅಂಗಡಿ ಕಡೆಗಲ್ಲ.

ಇಂಥ ಗುಂಪುಗಳು ಮುರಿಯೋದು ಮುಚ್ಚಿಡೋದರಿಂದ. ಬುಧವಾರ ಒಬ್ಬರು ಒಂದು ಸೇದ್ತಾರೆ, ನಾಚಿಕೆಗೆ ಹೇಳಲ್ಲ. ಉಳಿದವರಿಗೆ ವಾಸನೆ ಸಿಕ್ಕುತ್ತೆ. ‘ಅವನೇ ಸೇದಿದಾನೆ, ನಂದೇನು’ ಅಂತ ಶುಕ್ರವಾರದ ಹೊತ್ತಿಗೆ ನಾಲ್ವರೂ ಮತ್ತೆ ಅಂಗಡಿ ಮುಂದೆ. ಆದ್ದರಿಂದ ಇವತ್ತೇ ಗುಂಪಲ್ಲಿ ಬರೆದಿಡಿ: ತಪ್ಪಿದವರು ಒಂದು ಗಂಟೆಯೊಳಗೆ ಹೇಳಬೇಕು, ಉಳಿದವರು ಬೈಯಬಾರದು, ರೇಗಿಸಬಾರದು. ಎಲ್ಲಿ, ಯಾರ ಜೊತೆ, ಯಾವುದರ ನಂತರ ಆಯ್ತು ಅನ್ನೋದಷ್ಟೇ ಕೇಳಿ, ಮಾರನೇ ದಿನ ಆ ಜಾಗ ತಪ್ಪಿಸಿ.

ನಾಲ್ವರೂ ಒಂದೇ ದಿನ ಬಿಡೋದರಿಂದ ನಾಲ್ವರಿಗೂ ಒಂದೇ ದಿನ ತಲೆ ಕೆಟ್ಟಿರುತ್ತೆ. ಅದಕ್ಕೆ ಬಿಟ್ಟು ಒಂದು ವರ್ಷವಾದರೂ ಆಗಿರೋ ಒಬ್ಬರನ್ನ ಗುಂಪಿಗೆ ಸೇರಿಸಿ. ಸಿಗಲಿಲ್ಲ ಅಂದ್ರೆ ರಾಷ್ಟ್ರೀಯ ಕ್ವಿಟ್‌ಲೈನ್ (ತಂಬಾಕು ಬಿಡೋರಿಗೆ ಸಲಹೆ ಕೊಡೋ ಫೋನ್ ಸೇವೆ) 1800-11-2356, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ನಿಮ್ಮ ಸಿಗರೇಟು ಪ್ಯಾಕಿನ ಮೇಲೇ ಆ ನಂಬರ್ ಇದೆ.

ಔಷಧಿ_ಅಂಗಡಿ

ಗಮ್ ಬಗ್ಗೆ. ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲನೇದು ಹಚ್ಚೋರಿಗೆ 4 ಮಿಲಿಗ್ರಾಂ, ಆಮೇಲೆ ಹಚ್ಚೋರಿಗೆ 2. ಎರಡರದ್ದು ಚೀಟಿ ಇಲ್ಲದೆ ಸಿಗುತ್ತೆ, ನಾಲ್ಕಕ್ಕೆ ಡಾಕ್ಟರ ಚೀಟಿ ಬೇಕು. ಬೀಡಿ ಸಣ್ಣದು ಅಂತ ಕಡಿಮೆ ಲೆಕ್ಕ ಹಾಕಬೇಡಿ, ಅದರಲ್ಲಿ ನಿಕೋಟಿನ್ ಕಡಿಮೆಯೇನಿಲ್ಲ.

ಮೊದಲ ಆರು ವಾರ ಎದ್ದಿರೋವಾಗ ಒಂದೆರಡು ಗಂಟೆಗೆ ಒಂದರಂತೆ. ಹೆಚ್ಚಿನವರು ತುಂಬಾ ಕಡಿಮೆ ತಗೊಳ್ತಾರೆ, ದಿನಕ್ಕೆ ಎರಡು ಅಗಿದು ‘ಕೆಲಸ ಮಾಡ್ಲಿಲ್ಲ’ ಅಂತಾರೆ. 24ರ ಮೇಲೆ ಮಾತ್ರ ಹೋಗಬಾರದು. ಈಚೆಗೆ ಹಾರ್ಟ್ ಅಟ್ಯಾಕ್ ಆದವರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಶುರು ಮಾಡಬಾರದು.

ಪೀಣ್ಯ_ಜನರಲ್_ಶಿಫ್ಟ್

ತುಂಬಾ ಥ್ಯಾಂಕ್ಸ್. ಒಬ್ಬರು ಇವತ್ತೇ 2ರದ್ದು ತಂದು ಟೀ ಕುಡೀತಾ ಅಗಿದು ನೋಡಿದ್ರು. ಬಿಕ್ಕಳಿಕೆ, ಗಂಟಲು ಉರಿ, ಮೇಲಿಂದ ಸೇದಬೇಕು ಅನ್ನೋದೂ ಹೋಗ್ಲಿಲ್ಲವಂತೆ. ನನಗೆ ಇದು ಆಗಿಬರಲ್ಲ ಅಂತಿದಾರೆ.

ಔಷಧಿ_ಅಂಗಡಿ

ಆಗಿಬರುತ್ತೆ, ಅಗಿದ ರೀತಿ ತಪ್ಪಾಗಿದೆ. ಬಬಲ್ ಗಮ್ ಥರ ಜಗಿದ್ರೆ ನಿಕೋಟಿನ್ ಎಂಜಲ ಜೊತೆ ಹೊಟ್ಟೆಗೆ ಹೋಗುತ್ತೆ, ಅಲ್ಲಿಂದಲೇ ಬಿಕ್ಕಳಿಕೆ, ಉರಿ. ಅದು ರಕ್ತಕ್ಕೆ ಸೇರಬೇಕಾದ್ದು ಬಾಯಿಯ ಒಳಚರ್ಮದಿಂದ. ನಿಧಾನವಾಗಿ ಅಗಿಯಿರಿ. ಮೆಣಸಿನ ಖಾರದಂಥ ರುಚಿ ಅಥವಾ ಜುಮು ಜುಮು ಬಂದ ಕೂಡಲೇ ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಒತ್ತಿಡಿ. ಖಾರ ಇಳಿದಾಗ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ಮು ಹೀಗೆ ಅರ್ಧ ಗಂಟೆ ಬರಬೇಕು.

ಟೀ ಜೊತೆ ಬೇಡವೇ ಬೇಡ. ಟೀ, ಕಾಫಿ, ನಿಂಬೆ ಶರಬತ್ತು, ಕೂಲ್‌ಡ್ರಿಂಕ್ಸು ಬಾಯಿಯನ್ನ ಹುಳಿ ಮಾಡುತ್ವೆ, ಹುಳಿ ಇದ್ದಾಗ ನಿಕೋಟಿನ್ ಒಳಕ್ಕೆ ಹತ್ತಲ್ಲ. ಕುಡಿದು 15 ನಿಮಿಷ ಬಿಟ್ಟು ಬಾಯಿಗೆ ಹಾಕಿ, ಬಾಯಲ್ಲಿರೋ ತನಕ ನೀರು ಬಿಟ್ಟು ಬೇರೇನೂ ಬೇಡ. ಪರಿಣಾಮ ಕಾಣೋಕೆ ಸ್ವಲ್ಪ ಹೊತ್ತು ಬೇಕು, ಸಿಗರೇಟಿನಷ್ಟು ಬೇಗ ಬರಲ್ಲ. ಟೀ ಬ್ರೇಕಿಗೆ ಮುಕ್ಕಾಲು ಗಂಟೆ ಮುಂಚೆಯೇ ಒಂದು ಹಾಕಿದ್ರೆ ಎರಡೂ ಸರಿಹೋಗುತ್ತೆ.

ಮಲ್ನಾಡ್_ಕಷಾಯ

ಮೇಲಿನವರು ಹೇಳದೇ ಇದ್ದದ್ದು ಕಾಫಿ. ಹೊಗೆಯಲ್ಲಿರೋ ಕೆಲವು ವಸ್ತುಗಳು (ನಿಕೋಟಿನ್ ಅಲ್ಲ, ಹೊಗೆಯೇ) ಕೆಫೀನನ್ನ ಬೇಗ ಕರಗಿಸೋಕೆ ಲಿವರನ್ನ ಚುರುಕು ಮಾಡಿರುತ್ವೆ. ಸಿಗರೇಟು ನಿಲ್ಲಿಸಿದ ಕೆಲವೇ ದಿನಕ್ಕೆ ಆ ವೇಗ ಇಳಿಯುತ್ತೆ, ಅದೇ ನಾಲ್ಕು ಲೋಟ ಕಾಫಿ ಮೈಯಲ್ಲಿ ಹೆಚ್ಚುಕಮ್ಮಿ ಎಂಟರಷ್ಟಾಗುತ್ತೆ. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ’ ಅಂತ ಮತ್ತೆ ಹಚ್ಚೋರು ಎಷ್ಟೋ ಜನ. ಸೋಮವಾರದಿಂದಲೇ ಕಾಫಿ, ಟೀ ಅರ್ಧ ಮಾಡಿ, ಸಂಜೆ 4ರ ನಂತರ ಬೇಡ. ಮಜ್ಜಿಗೆ, ಜೀರಿಗೆ ಕಷಾಯ ಸಾಕು. ಮಾನಸಿಕ ಕಾಯಿಲೆಗೆ ಓಲಾಂಜಪಿನ್, ಕ್ಲೋಜಪಿನ್ ಅಥವಾ ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ತಿದ್ರೆ ಬಿಡೋ ಮುಂಚೆಯೇ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಅವುಗಳ ಮಟ್ಟವೂ ಇದೇ ಕಾರಣಕ್ಕೆ ಏರುತ್ತೆ.

ಎರಡು, ಮೂರನೇ ದಿನ ಸಿಡುಕು ಅತಿ ಹೆಚ್ಚು. ಮನೆಯವರಿಗೆ ಭಾನುವಾರವೇ ಹೇಳಿಡಿ. ಮಲಬದ್ಧತೆ ಆಗಬಹುದು, ಸೊಪ್ಪು, ಬಾಳೆಹಣ್ಣು, ನೀರು ಜಾಸ್ತಿ ಮಾಡಿ. ಕೆಮ್ಮು ಸ್ವಲ್ಪ ಹೆಚ್ಚಾದ್ರೆ ಗಾಬರಿ ಬೇಡ, ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫ ಹೊರಹಾಕ್ತಿರುತ್ವೆ. ಕಫದಲ್ಲಿ ರಕ್ತ ಕಂಡ್ರೆ ಮಾತ್ರ ಕಾಯದೆ ತೋರಿಸಿ.

ಊಟ ಆದ ಕೂಡಲೇ ಎದ್ದು ಬಾಯಿ ತೊಳೆದು ಹತ್ತು ನಿಮಿಷ ನಡೀರಿ, ಬಾಯಿಗೆ ಸೋಂಪು ಅಥವಾ ಲವಂಗ. ಅಡಿಕೆ, ಗುಟ್ಕಾ ಕಡೆ ಹೋಗಬೇಡಿ.

ಒಂದು ಭಿನ್ನಾಭಿಪ್ರಾಯ: ಸೋಮವಾರಕ್ಕಿಂತ ಶುಕ್ರವಾರ ಶುರು ಮಾಡಿದ್ರೆ ಕೆಟ್ಟ ದಿನಗಳು ವಾರಾಂತ್ಯಕ್ಕೆ ಬೀಳುತ್ತೆ.

ಕಡಲತಡಿ

ಒಬ್ಬರೇ ಬಿಡೋದಾದ್ರೆ ನಿಮ್ಮ ಮಾತು ಸರಿ. ಇವರಿಗೆ ಸೋಮವಾರವೇ ಒಳ್ಳೇದು. ಮಂಗಳ, ಬುಧ ನಾಲ್ವರೂ ಒಂದೇ ಸೂರಿನಡಿ ಇರ್ತಾರೆ. ಭಾನುವಾರ ಚದುರಿಹೋಗ್ತಾರೆ, ಕೆಲವರಿಗೆ ಎಣ್ಣೆ ಪಾರ್ಟಿಯೂ ಇರುತ್ತೆ. ಕುಡಿದ ಕೈಗೆ ಸಿಗರೇಟು ತಾನಾಗೇ ಬರುತ್ತೆ, ಆದ್ದರಿಂದ ಮೊದಲ ಮೂರ್ನಾಲ್ಕು ವಾರ ಅದೂ ಬೇಡ.

ಭಾನುವಾರ ರಾತ್ರಿ ಜೇಬು, ಬೈಕಿನ ಡಿಕ್ಕಿ, ಲಾಕರು ಮೂರನ್ನೂ ಜೋಡಿಯೇ ತಪಾಸಣೆ ಮಾಡಲಿ, ಲೈಟರೂ ಉಳೀಬಾರದು. ದಿನಕ್ಕೆ ಮೂರು ಸಲದ ಅಂಕಿ ಎರಡು ವಾರ ನಡೀಲಿ, ಆಮೇಲೆ ಒಂದಕ್ಕೆ ಇಳಿಸಿ. ಗಮ್ಮನ್ನ ಮಾತ್ರ ಎರಡನೇ ವಾರಕ್ಕೇ ‘ಸರಿಹೋದೆ’ ಅಂತ ಬಿಡಬೇಡಿ, ಮೂರು ತಿಂಗಳಲ್ಲಿ ನಿಧಾನಕ್ಕೆ ಇಳಿಸಿ.